ಗುಮ್ಮಘಟ್ಟದ ಹುಡುಗನೂ ವಾಯುದಳದ ಪರೀಕ್ಷೆಯೂ

ಗುಮ್ಮಘಟ್ಟ ಎಲ್ಲಿದೆಯೆಂದು ನಮ್ಮ ವಾಚಕರಲ್ಲಿ ಹೆಚ್ಚಿನವರಿಗೆ ತಿಳಿದಿರಲಾರದು. ಬಳ್ಳಾರಿಯಲ್ಲಿ ರೈಲು ಹತ್ತಿ ರಾಯದುರ್ಗದಲ್ಲಿ ಇಳಿದು, ಅಲ್ಲಿಂದ ಬಸ್ಸು ಹಿಡಿದರೆ ಸಿಗುವ ಊರು ಅದು. ಆಂಧ್ರ ಪ್ರದೇಶದ ಅನಂತಪುರ ಜಿಲ್ಲೆಗೆ ಸೇರಿದ್ದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಅತ್ತ ಹೋದವು. ಬಳ್ಳಾರಿ ಇತ್ತ ಮೈಸೂರಿಗೆ ಬಂತು. ನಮ್ಮ ಕಾಸರಗೋಡಿನ ಕತೆ 1956ರ ನವೆಂಬರ್ 1ರದು. ಮೂರು ವರ್ಷ ತಡವಾದದ್ದೊಂದೇ ವ್ಯತ್ಯಾಸ. ಇಲ್ಲಿ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಮಾತಾಡುವಂತೆ ಅಲ್ಲಿನ ಮಕ್ಕಳು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಮಾತಾಡುತ್ತಾರೆ.

ಕಳೆದ ಬೇಸಗೆಯಲ್ಲಿ ಮಿತ್ರರೊಬ್ಬರ ಮನೆಯ ಮದುವೆಗೆಂದು ರಾಯದುರ್ಗಕ್ಕೆ ಹೋದವರು ಅವರ ಒತ್ತಾಯಕ್ಕೆ ಗುಮ್ಮಘಟ್ಟದ ಕಡೆಗೂ ಒಂದು ದಿನ ಹೋಗಿ ಬಂದೆವು. ವೇದಾವತಿಗೆ ಅಡ್ಡಲಾಗಿ ಕಟ್ಟಿದ ಭೈರವಾನಿತಿಪ್ಪೆಯ ಅಣೆಕಟ್ಟು ಆ ಭಾಗದಲ್ಲೇ ಇದೆ. ಆ ನದಿಯನ್ನು ಅಲ್ಲಿನ ಜನ ಹಗರಿ ಎಂದೇ ಕರೆಯುವುದು. ಮಳೆ ಕಡಮೆಯ ಸೀಮೆ. ಬೆಳೆ ಎಂದರೆ ಮುಖ್ಯವಾಗಿ ಶೇಂಗಾ, ನಮ್ಮ ಕಡೆ ನೆಲಗಡಲೆ ಎನ್ನುತ್ತೇವಲ್ಲ, ಅದು. ನಾವು ಇಳಿದುಕೊಂಡ ಮನೆಯವರೂ ಶೇಂಗಾ ಬೆಳೆಯುವವರೇ. ಮನೆಯಲ್ಲಿ ಗಂಡ ಹೆಂಡತಿ, ಅಜ್ಜಿ, ಇಂಟರ್ ಮೊದಲನೆಯ ವರ್ಷ ಮುಗಿಸಿದ ಹುಡುಗ, ಐದನೆಯ ತರಗತಿಗೆ ಹೋಗಲಿರುವ ಹುಡುಗಿ. ಹುಡುಗ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಒಳಕೋಣೆಯ ಗೋಡೆಯಲ್ಲಿ ಪತ್ರಿಕೆಗಳಿಂದ ಕತ್ತರಿಸಿದ ಯುದ್ಧವಿಮಾನದ ಚಿತ್ರಗಳು ಸಾಲಾಗಿ ಅಂಟಿದ್ದವು. ಅವುಗಳಲ್ಲಿ ಎರಡಕ್ಕೆ ಗೆದ್ದಲು ಹಿಡಿದಿತ್ತು.

ನಾವು ಪತ್ರಿಕೆಯವರೆಂದು ತಿಳಿದ ಕೂಡಲೇ ಮನೆಯ ಯಜಮಾನರು ಕೇಳಿದ್ದು ಒಂದೇ ಪ್ರಶ್ನೆ.

“ಸಾರ್, ನಮ್ ಹುಡುಗ ಮಿಲಿಟ್ರಿ ವಿಮಾನ ಹೊಡಿಯೋ ಕೆಲ್ಸಕ್ಕೇ ಹೋಗ್ತೀನಂತ ಕುಂತಾನೆ. ಆ ಪರೀಕ್ಷೆ ಕನ್ನಡದಾಗೆ ಬರೀಬೌದೇನು?”

ಉತ್ತರ ನಮಗೆ ಗೊತ್ತಿತ್ತು. ಆದರೂ ಮಜ್ಜಿಗೆಯ ಲೋಟ ಕೆಳಗಿಡುವವರೆಗೆ ಹೇಳಲಿಲ್ಲ. ಬರೆಯಲಾಗದು. ತೆಲುಗಿನಲ್ಲೂ ಆಗದು, ಮಲಯಾಳದಲ್ಲೂ ಆಗದು. ಹನ್ನೆರಡನೆಯ ತರಗತಿಯ ಹಂತದಲ್ಲಿ ಸೇನೆಯ ಅಧಿಕಾರಿಯಾಗಲು ಇರುವ ಎನ್.ಡಿ.ಎ. ಪರೀಕ್ಷೆಯನ್ನು ಕೇಂದ್ರ ಲೋಕಸೇವಾ ಆಯೋಗ ವರ್ಷಕ್ಕೆ ಎರಡು ಸಲ ನಡೆಸುತ್ತದೆ. ಪ್ರಶ್ನೆಗಳು ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ ಮಾತ್ರ. ಪದವಿ ಮುಗಿಸಿದವರಿಗೆ ವಾಯುದಳವೇ ನಡೆಸುವ ‘ಆಫ್‌ಕ್ಯಾಟ್’ ಪರೀಕ್ಷೆಯಂತೂ ಇಂಗ್ಲಿಷಿನಲ್ಲೇ.

ಇದರಲ್ಲಿ ನಮ್ಮ ತಕರಾರು ಏನು ಎಂಬುದನ್ನು ಸರಿಯಾಗಿ ಹೇಳಬೇಕು. ವಿಮಾನದೊಳಗಿನ ಮಾತು, ಕೈಪಿಡಿ, ಉಪಕರಣ ಎಲ್ಲವೂ ಇಂಗ್ಲಿಷೇ. ಆ ಭಾಷೆ ಬಾರದೆ ಪೈಲಟ್ ಆಗುವುದು ಸಾಧ್ಯವಿಲ್ಲ. ಆಗಬೇಕೆಂದು ನಾವು ಕೇಳುವುದೂ ಇಲ್ಲ. ಆದರೆ ಹಿಂದಿ ಮಾತಾಡುವ ಹುಡುಗನಿಗೆ ಗಣಿತದ ಪ್ರಶ್ನೆಯನ್ನು ತನ್ನ ಭಾಷೆಯಲ್ಲಿ ಓದಿ ಅರ್ಥ ಮಾಡಿಕೊಳ್ಳುವ ಸೌಕರ್ಯ ಇದ್ದು, ಗುಮ್ಮಘಟ್ಟದ ಹುಡುಗನಿಗೆ ಅದು ಇಲ್ಲದಿರುವುದಕ್ಕೆ ಕಾರಣ ಯಾವುದು? ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆ 2017ರಿಂದ ಕನ್ನಡದಲ್ಲಿಯೂ ನಡೆಯುತ್ತಿದೆ. ಐ.ಎ.ಎಸ್. ಮುಖ್ಯ ಪರೀಕ್ಷೆಯ ಉತ್ತರಗಳನ್ನು ಕನ್ನಡದಲ್ಲಿ ಬರೆಯಬಹುದು. ಡಾಕ್ಟರನಿಗೂ ಕಲೆಕ್ಟರನಿಗೂ ಸಲ್ಲುವ ಭಾಷೆ ಸೇನೆಯ ಬಾಗಿಲಲ್ಲಿ ಮಾತ್ರ ಸಲ್ಲದೇಕೆ?

ವಿಚಿತ್ರವೆಂದರೆ ಆ ಬಾಗಿಲಿನ ಆಚೆಗಿರುವುದೆಲ್ಲ ನಮ್ಮ ಅಂಗಳದಲ್ಲೇ ಇದೆ. ವಾಯುದಳದ ಆಯ್ಕೆ ಮಂಡಳಿಗಳಲ್ಲಿ ಒಂದು ಮೈಸೂರಿನಲ್ಲಿದೆ. ಪೈಲಟ್ ಆಗುವವರ ದೇಹಪರೀಕ್ಷೆ ಮಾಡುವ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ 1957ರಿಂದ ಬೆಂಗಳೂರಿನಲ್ಲಿದೆ. ವಾಯುದಳದ ಅಕಾಡೆಮಿ ಇರುವುದು ಹೈದರಾಬಾದಿನ ಹತ್ತಿರದ ದುಂಡಿಗಲ್ಲಿನಲ್ಲಿ. ಹಾಕ್ ಜೆಟ್ ವಿಮಾನದ ತರಬೇತಿ ಬೀದರಿನಲ್ಲಿ. ಸಾಗಣೆ ವಿಮಾನದವರ ತರಬೇತಿ ಯಲಹಂಕದಲ್ಲಿ. ಇನ್ನು ಗುಮ್ಮಘಟ್ಟದವರಿಗೆ ಗಡಿ ದಾಟಿದರೆ ಚಿತ್ರದುರ್ಗ ಜಿಲ್ಲೆ. ಅಲ್ಲಿನ ಚಳ್ಳಕೆರೆಯಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ 2017ರಲ್ಲಿ ಪರೀಕ್ಷಾ ಕೇಂದ್ರ ತೆರೆದು ಪೈಲಟ್ ಇಲ್ಲದ ವಿಮಾನಗಳನ್ನು ಹಾರಿಸಿ ನೋಡುತ್ತಿದೆ. “ನಾನ್ ಪೈಲಟ್ ಆಗೋದ್ರೊಳಗೆ ಪೈಲಟ್ಟೇ ಬ್ಯಾಡ ಅಂತಾರೇನೋ ಸಾರ್” ಎಂದು ಹುಡುಗ ನಕ್ಕ. ನಮಗೂ ನಗು ಬಂತು. ನಮ್ಮ ಊರಿನವರಿಗಾದರೋ, ಮಂಗಳೂರಿನಿಂದ ತೆಂಕಲಿಗೆ ಹೋಗುವ ಪ್ರತಿ ರೈಲು ಪಯ್ಯನ್ನೂರು ದಾಟುವಾಗ ಏಳಿಮಲೆಯ ಸಮೀಪವೇ ಹಾದುಹೋಗುತ್ತದೆ. 2009ರಲ್ಲಿ ಅಲ್ಲಿ ಆರಂಭವಾದ ನೌಕಾ ಅಕಾಡೆಮಿಗೆ ಹನ್ನೆರಡನೆಯ ನಂತರ ಸೇರಲು ಇದೇ ಎನ್.ಡಿ.ಎ. ಪರೀಕ್ಷೆಯೂ ಒಂದು ದಾರಿ. ನೌಕಾಸೇನೆಗೂ ಅದರದೇ ಪೈಲಟ್‌ಗಳಿದ್ದಾರೆಂಬುದನ್ನು ನಮ್ಮವರು ಮರೆಯುತ್ತಾರೆ.

ಪರೀಕ್ಷೆಯ ಲೆಕ್ಕಾಚಾರ

ಹುಡುಗನ ಬಳಿ ಹಳೆಯ ಪ್ರಶ್ನೆಪತ್ರಿಕೆಗಳ ಒಂದು ಕಟ್ಟು ಇತ್ತು. ಅದನ್ನು ಹರಡಿಕೊಂಡು ಮಧ್ಯಾಹ್ನವಿಡೀ ಕುಳಿತೆವು. ನಮ್ಮ ವಾಚಕರ ಮನೆಗಳಲ್ಲೂ ಇಂತಹ ಹುಡುಗರು, ಈಗ ಹುಡುಗಿಯರೂ ಇರುವುದರಿಂದ ಅಲ್ಲಿ ಮಾತಾಡಿದ್ದನ್ನು ಇಲ್ಲಿ ಬರೆಯುತ್ತೇವೆ.

ಎನ್.ಡಿ.ಎ.ಗೆ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಮದುವೆ ಆಗಿರಕೂಡದು. ವಾಯುದಳ, ನೌಕಾಸೇನೆ ಬೇಕಾದರೆ ಹನ್ನೆರಡನೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತ ಇರಲೇಬೇಕು. ಆ ತರಗತಿಯಲ್ಲಿ ಓದುತ್ತಿರುವವರೂ ಅರ್ಜಿ ಹಾಕಬಹುದು. ಆಂಧ್ರದ ಇಂಟರ್‌ನಲ್ಲಿ ‘ಎಂ.ಪಿ.ಸಿ.’, ‘ಬೈ.ಪಿ.ಸಿ.’ ಎಂಬ ದಾರಿಗಳಿವೆ. ಗಣಿತವಿಲ್ಲದ ಬೈ.ಪಿ.ಸಿ. ಹಿಡಿದರೆ ಡಾಕ್ಟರಾಗುವ ದಾರಿ ತೆರೆಯಿತು, ಪೈಲಟ್ ಆಗುವ ದಾರಿ ಮುಚ್ಚಿತು. ನಮ್ಮಲ್ಲಿ ಪ್ಲಸ್ ಟು ಸೇರುವಾಗಲೂ ಇದೇ ಎಚ್ಚರ ಬೇಕು. ಹದಿನೈದನೆಯ ವಯಸ್ಸಿನಲ್ಲಿ ನೆಂಟರ ಮಾತು ಕೇಳಿ ಹಾಕಿದ ಒಂದು ಗೀಟು ಆಮೇಲೆ ಅಳಿಸಲು ಬರುವುದಿಲ್ಲ. ಗುಮ್ಮಘಟ್ಟದ ಹುಡುಗ ಪುಣ್ಯಕ್ಕೆ ಎಂ.ಪಿ.ಸಿ. ಹಿಡಿದಿದ್ದ.

ಬರೆಯುವ ಪರೀಕ್ಷೆ 900 ಅಂಕಗಳದು. ಗಣಿತಕ್ಕೆ 300, ಸಾಮಾನ್ಯ ಸಾಮರ್ಥ್ಯಕ್ಕೆ 600. ಒಂದೊಂದಕ್ಕೂ ಎರಡೂವರೆ ಗಂಟೆ. ಈ 600ರಲ್ಲಿ 200 ಅಂಕ ಬರೀ ಇಂಗ್ಲಿಷ್ ಭಾಷೆಗೆ. ಉಳಿದ 400ರಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಚರಿತ್ರೆ, ಭೂಗೋಳ, ಪ್ರಚಲಿತ ವಿದ್ಯಮಾನ ಎಲ್ಲ ಸೇರಿದೆ. ಗಣಿತದಲ್ಲಿ 120 ಪ್ರಶ್ನೆ. ಎಂದರೆ ಒಂದಕ್ಕೆ ಒಂದೂಕಾಲು ನಿಮಿಷ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೆಯ ಒಂದು ಪಾಲು ಕಡಿತ. ಗೊತ್ತಿಲ್ಲದ್ದನ್ನು ಬಿಟ್ಟುಬಿಡುವುದೂ ಒಂದು ವಿದ್ಯೆ. ನಮ್ಮ ಶಾಲೆಗಳಲ್ಲಿ ಅದನ್ನು ಯಾರೂ ಕಲಿಸುವುದಿಲ್ಲ.

ಹುಡುಗನ ಕಷ್ಟ ಗಣಿತವಾಗಿರಲಿಲ್ಲ. ತ್ರಿಕೋನಮಿತಿ ಅವನಿಗೆ ಬರುತ್ತದೆ. ‘ಟ್ರಿಗನಾಮೆಟ್ರಿ’ ಎಂದಾಗ ಒಂದು ಕ್ಷಣ ತಡೆಯುತ್ತಾನೆ. ಸಂಭವನೀಯತೆ ಬರುತ್ತದೆ, ‘ಪ್ರಾಬಬಿಲಿಟಿ’ಯ ಪ್ರಶ್ನೆಯಲ್ಲಿ ‘ಅಟ್ ಲೀಸ್ಟ್’ ಎಂಬಲ್ಲಿ ಎಡವುತ್ತಾನೆ. ಒಂದೂಕಾಲು ನಿಮಿಷದಲ್ಲಿ ಅರ್ಧ ನಿಮಿಷ ಪ್ರಶ್ನೆಯನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸುವುದರಲ್ಲಿ ಕಳೆದರೆ ಉಳಿಯುವುದೆಷ್ಟು? ಒಂದು ನೋಟು ಪುಸ್ತಕ ತೆಗೆದು ಎಡಗಡೆಗೆ ಕನ್ನಡದ ಪದ, ಬಲಗಡೆಗೆ ಇಂಗ್ಲಿಷ್ ಪದ, ಕೆಳಗೆ ಒಂದು ಲೆಕ್ಕ, ಹೀಗೆ ದಿನಕ್ಕೆ ಹತ್ತು ಬರೆಯೆಂದು ಹೇಳಿದೆವು. ಎನ್.ಸಿ.ಇ.ಆರ್.ಟಿ.ಯ ಹನ್ನೊಂದು, ಹನ್ನೆರಡನೆಯ ತರಗತಿಯ ಪುಸ್ತಕಗಳು ಇಂಟರ್ನೆಟ್ಟಿನಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ದುಬಾರಿ ಗೈಡುಗಳಿಗಿಂತ ಮೊದಲು ಅವು ಆಗಬೇಕು. ಮುಂದಿನ ಹಂತದಲ್ಲಿ ನಾಲ್ಕು ಜನರ ಮುಂದೆ ಇಂಗ್ಲಿಷಿನಲ್ಲಿ ಮಾತಾಡಬೇಕಾಗುವುದರಿಂದ ದಿನಕ್ಕೊಂದು ಸುದ್ದಿಯನ್ನು ಗಟ್ಟಿಯಾಗಿ ಓದಿ, ಪುಸ್ತಕ ಮುಚ್ಚಿ ಅದನ್ನೇ ಸ್ವಂತ ಮಾತಿನಲ್ಲಿ ಹೇಳುವ ಅಭ್ಯಾಸವೂ ಬೇಕು. ಕೇಳಲು ಯಾರೂ ಇಲ್ಲದಿದ್ದರೆ ಅಜ್ಜಿ ಇದ್ದಾರೆ. ಅರ್ಥವಾಗದಿದ್ದರೂ ಅವರು ಕೇಳುತ್ತಾರೆ.

ಸ್ಪರ್ಧೆ ಸಣ್ಣದಲ್ಲ. ಇತ್ತೀಚಿನ ವರ್ಷಗಳ ಪ್ರಕಟಣೆಗಳಲ್ಲಿ ಎನ್.ಡಿ.ಎ. ಮೂಲಕ ವಾಯುದಳಕ್ಕೆ ಒಂದು ಸಲಕ್ಕೆ 120 ಸ್ಥಾನಗಳು, ಅವುಗಳಲ್ಲಿ ಹಾರಾಟದ ಶಾಖೆಗೆ 92. ಬರೆಯುವವರು ಲಕ್ಷಗಟ್ಟಲೆ. ಇದನ್ನು ಹುಡುಗನಿಂದ ಮುಚ್ಚಿಡಲಿಲ್ಲ. ಆದರೆ ಒಮ್ಮೆ ತಪ್ಪಿದರೆ ಎಲ್ಲ ಮುಗಿಯಿತೆಂದೂ ಅಲ್ಲ. ವಯಸ್ಸಿರುವವರೆಗೆ ಮತ್ತೆ ಬರೆಯಬಹುದು. ಪದವಿಯ ನಂತರ 20ರಿಂದ 24ರ ವಯಸ್ಸಿನೊಳಗೆ ಆಫ್‌ಕ್ಯಾಟ್ ಇದೆ. ಪದವಿಯಲ್ಲಿ ಶೇಕಡಾ 60, ಹನ್ನೆರಡನೆಯ ಗಣಿತ, ಭೌತಶಾಸ್ತ್ರಗಳಲ್ಲಿ ಶೇಕಡಾ 50 ಇರಬೇಕು. ಕಾಲೇಜಿನಲ್ಲಿ ಎನ್.ಸಿ.ಸಿ. ವಾಯುವಿಭಾಗದ ‘ಸಿ’ ಸರ್ಟಿಫಿಕೇಟ್ ಪಡೆದವರಿಗೆ ಬರೆಯುವ ಪರೀಕ್ಷೆಯಿಲ್ಲದೆ ನೇರವಾಗಿ ಆಯ್ಕೆ ಮಂಡಳಿಗೆ ಹೋಗುವ ದಾರಿಯೂ ಉಂಟು.

ಚಿಕ್ಕಮಗಳೂರಿನ ಮರ್ಲೆ ಗ್ರಾಮದ ಮೇಘನಾ ಶಾನುಭಾಗ್ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ, ಪದವಿಯ ನಂತರ ವಾಯುದಳಕ್ಕೆ ಹೋದವರು. 2018ರ ಡಿಸೆಂಬರಿನಲ್ಲಿ ದುಂಡಿಗಲ್ಲಿನಿಂದ ಹೊರಬಂದಾಗ ದಕ್ಷಿಣ ಭಾರತದ ಮೊದಲ ಮಹಿಳಾ ಯುದ್ಧವಿಮಾನ ಪೈಲಟ್ ಎನ್ನಿಸಿಕೊಂಡರು. ಅದಕ್ಕೆ ಎರಡೇ ವರ್ಷ ಹಿಂದೆ, 2016ರಲ್ಲಿ, ವಾಯುದಳ ಮೊದಲ ಬಾರಿಗೆ ಮೂವರು ಹೆಣ್ಣುಮಕ್ಕಳ ಕೈಗೆ ಯುದ್ಧವಿಮಾನ ಕೊಟ್ಟಿತ್ತು. ಮೇಘನಾ ಅವರ ಹೆಸರು ಹೇಳಿದಾಗ ಬಾಗಿಲ ಮರೆಯಲ್ಲಿ ನಿಂತಿದ್ದ ಹುಡುಗಿ ಹೊಸ್ತಿಲ ಮೇಲೆ ಬಂದು ಕುಳಿತಳು.

ಕಣ್ಣು, ಕಾಲು, ಯಂತ್ರ

ಬರೆಯುವ ಪರೀಕ್ಷೆ ಮೊದಲ ಮೆಟ್ಟಿಲು ಮಾತ್ರ. ಅದರಷ್ಟೇ, ಎಂದರೆ ಇನ್ನೊಂದು 900 ಅಂಕ ಆಯ್ಕೆ ಮಂಡಳಿಯ ಕೈಯಲ್ಲಿದೆ. ಅಲ್ಲಿ ಐದು ದಿನ ಇರಬೇಕು. ಹದಿನೈದು ಸೆಕೆಂಡಿಗೊಂದರಂತೆ ಅರುವತ್ತು ಪದಗಳನ್ನು ತೋರಿಸುತ್ತಾರೆ. ಒಂದೊಂದಕ್ಕೂ ಮನಸ್ಸಿಗೆ ಹೊಳೆದ ವಾಕ್ಯ ಬರೆಯಬೇಕು. ಚಿತ್ರ ನೋಡಿ ಕತೆ ಬರೆಯಬೇಕು. ಹಲಗೆ, ಹಗ್ಗ, ಪೀಪಾಯಿ ಕೊಟ್ಟು ಗುಂಪಿನೊಂದಿಗೆ ಹಳ್ಳ ದಾಟಿದಂತೆ ದಾಟಿಸುತ್ತಾರೆ. ಹೊಲದಲ್ಲಿ ನಾಲ್ಕು ಜನರೊಂದಿಗೆ ಕೆಲಸ ಮಾಡಿದ ಹುಡುಗ ಇಲ್ಲಿ ಹೆದರಬೇಕಾದ್ದಿಲ್ಲ. ಕಂಠಪಾಠದ ಉತ್ತರ ಹೇಳುವವರನ್ನು ಅಲ್ಲಿನವರು ಬೇಗ ಗುರುತಿಸುತ್ತಾರಂತೆ. ಆ ಬಗೆಯ ಪ್ರವೇಶಕ್ಕೆ ಮೊದಲ ಸಲ ಹೋಗುವವರಿಗೆ ಪ್ರಯಾಣದ ಖರ್ಚನ್ನು ಸರಕಾರವೇ ಕೊಡುತ್ತದೆಂದು ಕೇಳಿ ಯಜಮಾನರಿಗೆ ಸಮಾಧಾನವಾಯಿತು.

ಪೈಲಟ್ ಆಗುವವರಿಗೆ ಇದರ ಮೇಲೆ ಯಂತ್ರದ ಪರೀಕ್ಷೆಯೊಂದಿದೆ. ಹಿಂದೆ ಕೈಕೋಲು, ಕಾಲುಪಟ್ಟಿ ಹಿಡಿದು ಬೆಳಕಿನ ಬಿಂದುವನ್ನು ನಡುವಿನಲ್ಲಿ ನಿಲ್ಲಿಸುತ್ತ, ಅದೇ ಹೊತ್ತಿಗೆ ದೀಪಕ್ಕೂ ಸದ್ದಿಗೂ ಉತ್ತರ ಕೊಡಬೇಕಾಗಿತ್ತು. ಈಗ ರಕ್ಷಣಾ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯಗಳು ರೂಪಿಸಿದ ಕಂಪ್ಯೂಟರ್ ವ್ಯವಸ್ಥೆ ಬಂದಿದೆ. ಕೈ, ಕಾಲು, ಕಣ್ಣು ಮೂರೂ ಒಟ್ಟಿಗೆ ಕೆಲಸ ಮಾಡುತ್ತವೆಯೇ ಎಂದು ಅದು ಅಳೆಯುತ್ತದೆ. ಈ ಪರೀಕ್ಷೆ ಜೀವಮಾನದಲ್ಲಿ ಒಂದೇ ಸಲ. ಇದರಲ್ಲಿ ತಪ್ಪಿದವನು ಮುಂದೆ ಎಷ್ಟು ಪರೀಕ್ಷೆ ಪಾಸಾದರೂ ವಾಯುದಳದ ಪೈಲಟ್ ಆಗಲಾರ. ಬೇರೆ ಶಾಖೆ ಸೇರಬಹುದು. ಆದ್ದರಿಂದ ಮಂಡಳಿಗೆ ಹೋಗುವ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವುದು ದಡ್ಡತನ.

ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದನ್ನು ನಮ್ಮವರು ಎಲ್ಲಕ್ಕಿಂತ ಕೊನೆಗೆ ಮಾಡುತ್ತಾರೆ. ನಮ್ಮ ಬಂಧುಗಳೊಬ್ಬರ ಮಗ ಎರಡು ವರ್ಷ ದೊಡ್ಡ ಊರೊಂದರ ಕೋಚಿಂಗಿನಲ್ಲಿದ್ದ. ಅಡಕೆ ಮಾರಿದ ದುಡ್ಡೆಲ್ಲ ಅಲ್ಲಿಗೆ ಹೋಯಿತು. ಹಣ ಕಟ್ಟಿಸಿಕೊಂಡವರು ಅವನ ಕಣ್ಣು ಪರೀಕ್ಷಿಸಿಕೋ ಎಂದು ಒಂದು ಮಾತು ಹೇಳಲಿಲ್ಲ, ನಮಗೂ ಹೊಳೆಯಲಿಲ್ಲ. ಬರೆಯುವ ಪರೀಕ್ಷೆ, ಮಂಡಳಿ ಎರಡನ್ನೂ ದಾಟಿದವನು ವೈದ್ಯರ ಮುಂದೆ ಬಣ್ಣಬಣ್ಣದ ಚುಕ್ಕಿಗಳ ಪುಸ್ತಕದಲ್ಲಿ ಅಂಕೆ ಓದಲಾರದೆ ನಿಂತ. ಕೆಂಪು ಹಸುರಿನ ಭೇದ ತನಗೆ ಕಾಣುವುದಿಲ್ಲವೆಂದು ಹದಿನೆಂಟು ವರ್ಷ ಅವನಿಗೇ ಗೊತ್ತಿರಲಿಲ್ಲ. ಕಣ್ಣಿನ ಡಾಕ್ಟರರ ಬಳಿ ಹತ್ತು ನಿಮಿಷದಲ್ಲಿ ತಿಳಿಯುವ ಸಂಗತಿ ಅದು. ಈಗಲೂ ಅವನ ತಾಯಿಯ ಎದುರು ಆ ಮಾತು ತೆಗೆಯಲು ನಮಗೆ ಧೈರ್ಯವಿಲ್ಲ.

ಈ ಕತೆಯನ್ನು ಗುಮ್ಮಘಟ್ಟದಲ್ಲಿ ಹೇಳಿದಾಗ ಮನೆಯವರು ಸುಮ್ಮನಾದರು. ಒಂದು ಕಣ್ಣು 6/6, ಇನ್ನೊಂದು 6/9 ಇರಬೇಕು. ದೂರದ್ದು ಕಾಣದೆ ಕನ್ನಡಕ ಹಾಕುವವರಿಗೆ ಎನ್.ಡಿ.ಎ. ಮೂಲಕ ಹಾರಾಟದ ಶಾಖೆ ಇಲ್ಲ. ಬಣ್ಣಗಳ ಭೇದ ಸ್ಪಷ್ಟವಾಗಿ ಕಾಣಬೇಕು. ಎತ್ತರ 162.5 ಸೆಂ.ಮೀ.ಗೆ ಕಡಮೆಯಾಗಬಾರದು. ಕಾಲಿನ ಉದ್ದ 99ರಿಂದ 120 ಸೆಂ.ಮೀ., ಕುಳಿತಾಗಿನ ಎತ್ತರ 81.5ರಿಂದ 96 ಸೆಂ.ಮೀ., ತೊಡೆಯ ಉದ್ದ 64 ಸೆಂ.ಮೀ.ಗೆ ಮೀರಬಾರದು. ತೊಡೆ ಅಳೆಯುವುದೇಕೆಂದು ಅಜ್ಜಿ ಕೇಳಿದರು. ಆಪತ್ತಿನಲ್ಲಿ ಕುರ್ಚಿ ಸಮೇತ ಪೈಲಟ್ ಮೇಲಕ್ಕೆ ಚಿಮ್ಮುವಾಗ ಮೊಣಕಾಲು ಎದುರಿನ ಹಲಗೆಗೆ ಬಡಿಯಬಾರದಲ್ಲ, ಅದಕ್ಕೆ. ಹೆಂಗಸರ ಅಳತೆಯ ಟೇಪು ಬಂತು, ಹುಡುಗನನ್ನು ಗೋಡೆಗೆ ನಿಲ್ಲಿಸಿದರು. ಎತ್ತರ 168. ಉಳಿದದ್ದನ್ನು ನಮ್ಮಂಥವರು ಅಳೆದು ಹೇಳುವುದು ತರವಲ್ಲ. ಬಣ್ಣದ ಪರೀಕ್ಷೆಗೆ ಮರುದಿನವೇ ರಾಯದುರ್ಗದ ಕಣ್ಣಿನ ಡಾಕ್ಟರರಲ್ಲಿಗೆ ಹೋಗುವುದೆಂದು ನಿಶ್ಚಯವಾಯಿತು.

ತರಬೇತಿಗೆ ಎಷ್ಟು ಲಕ್ಷ ಬೇಕೆಂಬುದು ತಂದೆಯ ಇನ್ನೊಂದು ಚಿಂತೆ. ಒಂದೂ ಬೇಡ. ಖಾಸಗಿಯಾಗಿ ವಿಮಾನ ಕಲಿಯಲು ಹತ್ತಾರು ಲಕ್ಷ ತಗಲುತ್ತದೆ. ಸೇನೆಯ ಅಕಾಡೆಮಿಯಲ್ಲಿ ಊಟ, ವಸತಿ, ತರಬೇತಿಯ ವೆಚ್ಚ ಸರಕಾರದ್ದು. ಖಡಕ್‌ವಾಸ್ಲಾದಲ್ಲಿ ಮೂರು ವರ್ಷ ಮುಗಿಸಿ ದುಂಡಿಗಲ್ಲಿಗೆ ಹೋದ ಮೇಲೆ ತಿಂಗಳಿಗೆ 56,100 ರೂಪಾಯಿ ವಿದ್ಯಾರ್ಥಿವೇತನವೂ ಇದೆ.

“ಯುದ್ಧ ಗಿದ್ಧ ಬಂದ್ರೆ?” ಎಂದರು ತಾಯಿ. ಅಷ್ಟು ಹೊತ್ತು ಅವರು ಮಾತಾಡಿರಲಿಲ್ಲ.

ಇದಕ್ಕೆ ಸಿಹಿ ಉತ್ತರ ನಮ್ಮಲ್ಲಿರಲಿಲ್ಲ. ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರ ಸಂಗತಿ ಹೇಳಿದೆವು. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾದ ಮೇಲಿನ ದಾಳಿಗೆ ಹೊರಟ ತಂಡದಲ್ಲಿ ಅವರು ಬದಲಿ ಪೈಲಟ್. ಒಂದು ವಿಮಾನ ಕೆಟ್ಟು ಹಿಂದಿರುಗಿದ್ದರಿಂದ ಅವರು ಹೋಗಬೇಕಾಯಿತು. ತಮ್ಮ ಹಳೆಯ ಮಿಸ್ಟೇರ್ ವಿಮಾನಕ್ಕೆ ಏಟು ಬಿದ್ದ ಮೇಲೂ ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದು ಕೆಡವಿದರು, ಅವರು ಮರಳಲಿಲ್ಲ. ನಡೆದದ್ದೇನೆಂದು ನಮ್ಮ ದೇಶಕ್ಕೆ ಸರಿಯಾಗಿ ತಿಳಿಯಲು ಹಲವು ವರ್ಷ ಹಿಡಿಯಿತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಇಪ್ಪತ್ತಮೂರು ವರ್ಷಗಳ ತರುವಾಯ. ತಾಯಿ ಕೇಳಿಸಿಕೊಂಡರು. “ಅವ್ರಿಗೂ ಹೆಂಡ್ತಿ ಮಕ್ಳು ಇದ್ದಿರಬೇಕು” ಎಂದಷ್ಟೇ ಹೇಳಿ ಒಳಗೆ ಹೋದರು.

ಕನ್ನಡದಲ್ಲಿ ಬರೆಯಬಹುದಾದ ಪರೀಕ್ಷೆ

ಹೊರಡುವ ಹೊತ್ತಿಗೆ ನಮಗೆ ನೆನಪಾದದ್ದು ಇನ್ನೊಂದು ಸಂಗತಿ. ಹುಡುಗನ ಪರೀಕ್ಷೆ ಕನ್ನಡದಲ್ಲಿಲ್ಲ. ಆದರೆ ಹೊಸ್ತಿಲಲ್ಲಿ ಕುಳಿತ ಹುಡುಗಿಯದ್ದು ಇದೆ. ಸೈನಿಕ ಶಾಲೆಗಳ ಆರನೆಯ ತರಗತಿಯ ಪ್ರವೇಶ ಪರೀಕ್ಷೆಯನ್ನು ಹದಿಮೂರು ಭಾಷೆಗಳಲ್ಲಿ ನಡೆಸುತ್ತಾರೆ, ಅವುಗಳಲ್ಲಿ ಕನ್ನಡವೂ ಒಂದು. 125 ಪ್ರಶ್ನೆ, 300 ಅಂಕ, ಎರಡೂವರೆ ಗಂಟೆ. ಅರ್ಧ ಅಂಕಗಳು ಗಣಿತಕ್ಕೆ. ಒಂಬತ್ತನೆಯ ತರಗತಿಗೆ ಸೇರುವ ಪರೀಕ್ಷೆ ಮಾತ್ರ ಇಂಗ್ಲಿಷಿನಲ್ಲೇ. ಎಂದರೆ ನಮ್ಮ ಭಾಷೆಯ ಬಾಗಿಲು ಆರನೆಯದರಲ್ಲಿ ಒಮ್ಮೆ ತೆರೆದು ಮುಚ್ಚಿಕೊಳ್ಳುತ್ತದೆ. 2021ರಿಂದ ಹೆಣ್ಣುಮಕ್ಕಳಿಗೂ ಪ್ರವೇಶ ಇದೆ. ಎನ್.ಡಿ.ಎ.ಯ ಬಾಗಿಲೂ ಅದೇ ವರ್ಷ ಸುಪ್ರೀಂ ಕೋರ್ಟಿನ ಆದೇಶದಿಂದ ಅವರಿಗೆ ತೆರೆಯಿತು. ಮೊದಲ ತಂಡದ ಹದಿನೇಳು ಮಂದಿ 2025ರ ಮೇ ತಿಂಗಳಲ್ಲಿ ಅಲ್ಲಿಂದ ಹೊರಬಂದರು.

ಸ್ಥಾನಗಳಲ್ಲಿ ಶೇಕಡಾ 67 ಶಾಲೆಯಿರುವ ರಾಜ್ಯದವರಿಗೆ, 33 ಹೊರಗಿನವರಿಗೆ. ಗುಮ್ಮಘಟ್ಟದವರಿಗೆ ಆಂಧ್ರದ ಕಲಿಕಿರಿ, ಕೋರುಕೊಂಡ ಸ್ವಂತ ರಾಜ್ಯದ ಶಾಲೆಗಳು. ವಿಜಯಪುರ, ಕೊಡಗು ಹೊರಗಿನವು. ನಮಗೆ ಕಳಕ್ಕೂಟ್ಟಂ ಸ್ವಂತದ್ದು. ಹತ್ತಿರದ ಕೊಡಗಿನ ಕೂಡಿಗೆಗೆ ನಾವು ಹೊರಗಿನವರು. ಗಡಿನಾಡಿನವರಿಗೆ ಇದೇನೂ ಹೊಸದಲ್ಲ. ಶುಲ್ಕ ವರ್ಷಕ್ಕೆ ಲಕ್ಷ ರೂಪಾಯಿ ದಾಟುತ್ತದೆಂಬುದನ್ನೂ ಹೇಳಿದೆವು. ಆದಾಯ ನೋಡಿ ಕೊಡುವ ವಿದ್ಯಾರ್ಥಿವೇತನಗಳನ್ನು ವಿಚಾರಿಸಬೇಕು. ಒಳಗೆ ಸೇರಿದ ಮೇಲೆ ಪಾಠ ಇಂಗ್ಲಿಷಿನಲ್ಲೇ. ಪರೀಕ್ಷೆ ಒಂದು ವರ್ಷ ಜನವರಿಯಲ್ಲಿ, ಇನ್ನೊಂದು ವರ್ಷ ಏಪ್ರಿಲಿನಲ್ಲಿ ನಡೆದದ್ದುಂಟು. ಮಳೆಗಾಲ ಮುಗಿದ ಮೇಲೆ ಪ್ರಕಟಣೆಗಾಗಿ ಕಾಯುತ್ತಿರಬೇಕು.

“ಹೆಣ್ ಹುಡುಗೀನ ಅಷ್ಟು ದೂರ…” ಎಂದು ಯಜಮಾನರು ಎಳೆದರು.

“ಗಂಡ್ ಹುಡುಗನ್ನ ಮೋಡದ ಮ್ಯಾಲೆ ಕಳಿಸ್ತೀಯಂತೆ. ಇದನ್ನ ಕಲಿಕಿರಿಗೆ ಕಳಿಸಕ್ಕೆ ಯೋಚ್ನೆ ಮಾಡ್ತೀಯೇನಪ್ಪ?” ಎಂದರು ಅಜ್ಜಿ.

ವಯಸ್ಸು ಪ್ರವೇಶದ ವರ್ಷದ ಮಾರ್ಚ್ 31ಕ್ಕೆ ಹತ್ತು ತುಂಬಿರಬೇಕು, ಹನ್ನೆರಡು ಮೀರಿರಬಾರದು ಎಂದೆವು. ತಾಯಿ ಟ್ರಂಕು ತೆರೆದು ಜನನ ಪತ್ರ ತಂದರು. ತೆಲುಗಿನಲ್ಲಿತ್ತು, ಹುಡುಗ ಓದಿದ. ಮಾರ್ಚ್ 19. ತಾಯಿ ಬೆರಳು ಮಡಚಿ ಎಣಿಸಿದರು. ಬರುವ ಮಾರ್ಚಿಗೆ ಹತ್ತು ವರ್ಷ ಹನ್ನೆರಡು ದಿನ. ಇನ್ನೊಮ್ಮೆ ಎಣಿಸಿ, ಪತ್ರವನ್ನು ಟ್ರಂಕಿಗೆ ಹಾಕದೆ ದೇವರ ಗೂಡಿನಲ್ಲಿ ಇಟ್ಟರು. ಅಣ್ಣನ ನೋಟು ಪುಸ್ತಕದಿಂದ ಎರಡು ಹಾಳೆ ತನಗೂ ಬೇಕೆಂದು ಹುಡುಗಿ ಜಗಳ ತೆಗೆದಿದ್ದಳು. ರಾಯದುರ್ಗದ ಬಸ್ಸು ಬಂದದ್ದರಿಂದ ಆ ಜಗಳ ಹೇಗೆ ಮುಗಿಯಿತೆಂದು ನಾವು ನೋಡಲಿಲ್ಲ.